ನರಿಗಳು ಕೂಗಿದ ಸಭೆ

"ಏಯ್ ಮುಂಡೇವಾ, ಸೊಂಟ ಮುರಿದಿದೆಯಾ ನಿಮಗೆ? ಒಂದೇ ಒಂದು ನೆಗ್ಗಿಲು ಮುಳ್ಳು ಯಾರ ಕಾಲಿಗಾದ್ರೂ ಚುಚ್ಚಲಿ, ಚರ್ಮ ಸುಲೀತೀನಿ."

ದೊರೆಸ್ವಾಮಿಯವರು ಕೊಡೆಯ ನೆರಳಲ್ಲಿ ನಿಂತು ಬೈಯುತ್ತಿದ್ದರು. ಬಸವನಗುಡಿಯ ಆ ಬಯಲಿನ ಉರಿಬಿಸಿಲಲ್ಲಿ ನಾವು ಹೆಂಗಸರು ಕುಕ್ಕರುಗಾಲಲ್ಲಿ ಕೂತು ಮುಳ್ಳು ಕೀಳುತ್ತಿದ್ದೆವು. ಬೆಳಗ್ಗೆ ಬಡಾವಣೆಯವರ ಮನೆಗಳ ಹಿಂದಿನ ಗಲ್ಲಿಯಲ್ಲಿ ಕಕ್ಕಸು ಬಳಿದು ಬಂದವರು ನಾವು. ಈ ಕೆಲಸ ಬಿಟ್ಟಿ. ಬಡಾವಣೆ ಹುಟ್ಟಿ ಐವತ್ತು ವರ್ಷ ದಾಟಿತೆಂದು ಹಳಬರೆಲ್ಲ ಸೇರಿ, ಹಿಂದೆ ಇಲ್ಲಿ ಹೇಗಿತ್ತು, ಈಗ ಹೇಗಾಯಿತು ಎಂದು ನೆನಪು ಹೇಳುವ ಸಭೆ ಇಟ್ಟುಕೊಂಡಿದ್ದರು. ದೊರೆಸ್ವಾಮಿಯವರು ಅದರ ಕಾರ್ಯದರ್ಶಿ.

"ಆಮೇಲೆ ಶಾಮಿಯಾನದ ಹಿಂದೆ ಕೂತಿರಿ. ಕೋಸಂಬರಿ ಉಳಿದ್ರೆ ಕೊಡ್ತೀವಿ. ಮುಂದೆ ಮಾತ್ರ ಯಾರ ಕಣ್ಣಿಗೂ ಬೀಳ್ಬೇಡಿ" ಎಂದರು.

ಹಾಗೇ ಹಿಂದೆ ಹೋಗಿ ಕೂತೆವು. ಹೊಂಗೆಮರಕ್ಕೆ ಕಟ್ಟಿದ್ದ ಮೈಕಿನ ಹಾರ್ನ್ ಸರಿಯಾಗಿ ನಮ್ಮ ತಲೆಯ ಮೇಲಿತ್ತು. ಒಬ್ಬರು ದೀಪದ ಕಂಬ ಬಂದದ್ದನ್ನು ಹೇಳಿದರು, ಇನ್ನೊಬ್ಬರು ನಲ್ಲಿ ಬಂದದ್ದನ್ನು. ಆಮೇಲೆ ರಿಟೈರಾದ ಹೆಡ್‌ಮೇಷ್ಟ್ರು ಶೀನಣ್ಣನವರು ಎದ್ದರು.

"ನಮ್ಮ ತಂದೆಯವರು ಇಲ್ಲಿ ಮನೆ ಕಟ್ಟಿಸೋವಾಗ ಏನಿತ್ತು ಹೇಳಿ. ಒಂದು ನರಪಿಳ್ಳೆ ಇರಲಿಲ್ಲ. ಸಾಯಂಕಾಲವಾದ್ರೆ ನರಿ ಕೂಗ್ತಿದ್ವು, ಅಷ್ಟೇ."

ನಮ್ಮತ್ತೆ ಲಕ್ಷ್ಮೀದೇವಮ್ಮ ಎಲೆ ಅಡಿಕೆ ಜಗಿಯುವುದನ್ನು ನಿಲ್ಲಿಸಿದಳು. ಅವಳು ಹುಟ್ಟಿದ್ದು ಆ ಬಯಲಲ್ಲೇ. ಪ್ಲೇಗಿಗೆ ಹೆದರಿದ ಪೇಟೆಯ ಜನಕ್ಕೆಂದು ಹೊಸ ಬೀದಿಗಳನ್ನು ಎಳೆದಾಗ, ನಮ್ಮ ಕೇರಿಯ ಗುಡಿಸಲುಗಳಿಗೆ ಬೆಂಕಿಯಿಟ್ಟು ಜನರನ್ನು ಕೆರೆಯಾಚೆಗೆ ಅಟ್ಟಿದ್ದರು.

"ಕೇಳುದ್ರೇನೆ? ನರಪಿಳ್ಳೆ ಇರ್ನಿಲ್ವಂತೆ" ಎಂದಳು. "ಅಂಗಾರೆ ನಾನು ನರಿಗುಟ್ಟಿದೋಳು."

ಅವಳಿಗೆ ನಗು ಬಂತು. ನನಗೂ ಬಂತು. ಸೆರಗು ಬಾಯಿಗೆ ತುರುಕಿಕೊಂಡರೂ ಮೂಗಿನಿಂದ ಹೊರಟಿತು. ಅತ್ತೆ ಎಲೆರಸ ಉಗಿದು, ಕತ್ತೆತ್ತಿ, ಉದ್ದಕ್ಕೆ ಊಳಿಟ್ಟಳು. ಶೀನಣ್ಣನವರ ಮಾತು ಗಕ್ಕನೆ ನಿಂತಿತು. ಆ ನಿಶ್ಶಬ್ದ ತಡೆಯಲಾಗದೆ ನಾನೂ ಊಳಿಟ್ಟೆ. ಆಮೇಲೆ ಎಲ್ಲರೂ. ಹೊಟ್ಟೆ ಹಿಡಿದುಕೊಂಡು, ಒಬ್ಬರ ಮೇಲೊಬ್ಬರು ಬಿದ್ದು, ಕಣ್ಣಲ್ಲಿ ನೀರು ಸುರಿಸಿಕೊಂಡು ಕೂಗಿದೆವು.

ದೊರೆಸ್ವಾಮಿಯವರು ಪರದೆ ಸರಿಸಿ ನುಗ್ಗಿದರು. "ಯಾವಳೇ ಅವಳು ಬೋಳಿಮುಂಡೆ?"

"ನಾನೇ ಬುದ್ದಿ. ಅಳೇ ನರಿ" ಎಂದು ಅತ್ತೆ ಎದ್ದು ಒಂದು ಹೆಜ್ಜೆ ಮುಂದಿಟ್ಟಳು.

ಅವರು ಸರ್ರನೆ ಹಿಂದೆ ಸರಿದರು. ಮಡಿಪಂಚೆ ಉಟ್ಟಿದ್ದರು, ನಾವು ಸೋಕಬಾರದು. ಅತ್ತೆಗೆ ಅದು ಆಟದಂತೆ ಕಂಡಿತು. ಇನ್ನೊಂದು ಹೆಜ್ಜೆ ಇಟ್ಟಳು, ಅವರು ಇನ್ನಷ್ಟು ಸರಿದರು. ಹಾಗೇ ದನ ಅಟ್ಟಿದಂತೆ ಅಟ್ಟಿಕೊಂಡು ಶಾಮಿಯಾನ ಸುತ್ತಿಸಿದಳು. ಕುರ್ಚಿಯಲ್ಲಿದ್ದವರು ಪಂಚೆ, ಸೀರೆ ಎತ್ತಿಕೊಂಡು ದಾರಿ ಬಿಟ್ಟರು. ನಾವು ಹಿಂದೆಯೇ ನಡೆದೆವು. ನನ್ನ ನಗು ನಿಲ್ಲಲೇ ಇಲ್ಲ.

ಅತ್ತೆ ವೇದಿಕೆ ಹತ್ತಿದಳು. ಅಲ್ಲಿದ್ದವರೆಲ್ಲ ಆಚೆ ಕಡೆಯಿಂದ ಇಳಿದರು. ಶೀನಣ್ಣನವರು ಇಳಿಯಲಾರದೆ ಕೋಲೂರಿಕೊಂಡು ಮೂಲೆಯಲ್ಲಿ ನಿಂತರು.

"ಮೈಕ್ ಆಫ್ ಮಾಡೋ" ಎಂದು ದೊರೆಸ್ವಾಮಿಯವರು ಕಿರುಚಿದರು.

ಮೈಕಿನ ರಾಮಾಂಜಿನಪ್ಪ ಚಾಮರಾಜಪೇಟೆಯವನು, ಇವರ ಹಂಗಿಲ್ಲದವನು. ಅವನು ಪೆಟ್ಟಿಗೆಯ ಮೇಲೆ ಕೈಯಿಟ್ಟುಕೊಂಡು, "ಸ್ವಿಚ್ಚು ಸಿಕ್ಕಾಕೊಂಡೈತೆ ಸಾರ್" ಎಂದ.

"ದೀಪದ ಕಂಬ ಬಂತು ಅಂದ್ರಿ" ಅತ್ತೆಯ ದನಿ ಗಾಂಧಿಬಜಾರಿನವರೆಗೂ ಹೋಯಿತು. "ಗುಂಡಿ ತೋಡಿದೋನು ನನ್ ಗಂಡ. ನಮ್ ಕೇರೀಲಿ ಇನ್ನೂ ಬುಡ್ಡಿನೇ ಐತೆ. ನಲ್ಲಿ ಬಂತು ಅಂದ್ರಿ. ಪೈಪ್ ಊತೋನು ನನ್ ತಮ್ಮ. ಅದ್ರಲ್ಲಿ ಒಂದ್ ಬೊಗ್ಸೆ ಕುಡ್ಯಕ್ಕೋಗಿ ಒದೆ ತಿಂದ. ಶೀನಣ್ಣೋರೆ, ನರಪಿಳ್ಳೆ ಇರ್ನಿಲ್ಲ ಅಂತೀರಲ್ಲ, ನೀವು ಬಿದ್ರಲ್ಲ ಬಾವಿ, ಅದನ್ನ ತೋಡಿದ್ದು ಯಾವ ನರಿ?"

ಸಭೆ ಶೀನಣ್ಣನವರ ಕಡೆ ತಿರುಗಿತು.

"ಚಡ್ಡಿ ಇಲ್ದೆ ಆಡ್ತಾ ನಮ್ ಬಾವಿಗ್ ಬಿದ್ರಿ. ನಿಮ್ಮನೆ ಕಟ್ಟೋಕೆ ಕಲ್ಲು ಹೊರ್ತಿದ್ ನಮ್ಮಪ್ಪ ಧುಮುಕಿ ಎತ್ಕೊಂಬಂದ. ನಿಮ್ಮನೇವ್ರು ನಿಮ್ಗೆ ಸಗಣಿ ನೀರಲ್ಲಿ ಮೈ ತೊಳುದ್ರು. ಮುಟ್ಟಿದ್ದಕ್ಕೆ ನಮ್ಮಪ್ಪಂಗೆ ಹುಣಸೆ ಬರ್ಲಲ್ಲಿ ಬಾರ್ಸುದ್ರು."

ಮುದುಕರ ಬಾಯಿ ಅಲುಗಿತು. ಅಳುತ್ತಾರೆಂದುಕೊಂಡೆ. ಕಿಸಕ್ಕನೆ ನಕ್ಕುಬಿಟ್ಟರು.

"ಬಿದ್ದಿದ್ದೆ ಕಣಯ್ಯಾ ದೊರೆಸ್ವಾಮಿ" ಎಂದರು. "ಆ ಸಗಣಿ ನೀರು ಮೂಗಿಗೆಲ್ಲಾ ಹೋಗಿತ್ತು."

ಹಿಂದಿನ ಸಾಲಿನ ಹುಡುಗಿಯರು ಯಾರೋ ಗೊಳ್ಳೆಂದರು. ದೊರೆಸ್ವಾಮಿಯವರ ಮುಖ ಕಪ್ಪಿಟ್ಟಿತು. "ಎಳೆದು ಆಚೆ ಹಾಕ್ರೋ ಅವಳನ್ನ" ಎಂದು ಕೂಗಿದರು. ಯಾರೂ ಏಳಲಿಲ್ಲ. ಎಳೆಯಬೇಕಾದರೆ ಮುಟ್ಟಬೇಕು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅದು ಅರ್ಥವಾದದ್ದೇ ತಡ, ನಾವೂ ಒಬ್ಬೊಬ್ಬರಾಗಿ ವೇದಿಕೆ ಹತ್ತಿದೆವು. ಯಾವ ಮೈಲಿಗೆಯೆಂದು ಜನ್ಮವಿಡೀ ಗೋಡೆಗೆ ಅಂಟಿಕೊಂಡು ನಡೆದಿದ್ದೆವೋ ಅದೇ ಮೈಲಿಗೆ ಈಗ ನಮ್ಮನ್ನು ಕೋಟೆಯಂತೆ ಕಾಯುತ್ತಿತ್ತು. ಅತ್ತೆ ಅಧ್ಯಕ್ಷರ ಕುರ್ಚಿಯಲ್ಲಿ ಕಾಲು ಚಾಚಿ ಕೂತಳು. ನಾನು ಪಕ್ಕದ್ದರಲ್ಲಿ ಕೂತೆ. ಮೆತ್ತೆ ಹಾಕಿದ ಕುರ್ಚಿ, ಕೂತೊಡನೆ ಮೆತ್ತೆ ಕುಸಿಯಿತು. ಗಾಬರಿಯಾಗಿ ಎದ್ದು, ಮತ್ತೆ ಕೂತೆ.

ಜನ ಚದುರತೊಡಗಿದರು. ನಾಳೆ ಕಕ್ಕಸು ಬಳಿಸುವ ಮೇಸ್ತ್ರಿ ನಮ್ಮನ್ನೆಲ್ಲ ಕೆಲಸದಿಂದ ತೆಗೆಯುತ್ತಾನೆ ಎಂಬುದು ನಮಗೆ ಗೊತ್ತಿತ್ತು. ತೆಗೆದೂ ತೆಗೆದ. ಆ ಸಾಯಂಕಾಲ ಮಾತ್ರ ಅದರ ಚಿಂತೆ ಯಾರಿಗೂ ಇರಲಿಲ್ಲ.

ದೊರೆಸ್ವಾಮಿಯವರು ಎಲ್ಲಿಂದಲೋ ಒಂದು ಕೊಡ ನೀರು ತರಿಸಿದರು. ವೇದಿಕೆ ಶುದ್ಧಿಯಾಗಬೇಕಿತ್ತು. ಅಂಥ ಕೆಲಸಕ್ಕೆ ಕರೆಯುತ್ತಿದ್ದದ್ದು ನಮ್ಮನ್ನೇ. ನಾವು ಮೇಲೆ ಕೂತಿದ್ದೆವು. ಕೊನೆಗೆ ಅವರೇ ಪಂಚೆ ಎತ್ತಿಕಟ್ಟಿ, ತಂಬಿಗೆಯಲ್ಲಿ ನೀರು ತೆಗೆದು, ದೂರದಿಂದಲೇ ಎರಚಿದರು. ನೀರು ಹಲಗೆಯ ಮೇಲೆ ಹರಿಯಿತು. ಅತ್ತೆ ಪಾದಗಳನ್ನು ನೀರು ಬಿದ್ದ ಕಡೆಗೆ ಚಾಚಿದಳು.

"ಇಲ್ಲೂ ಒಸಿ ಬುಡಿ ಬುದ್ದಿ" ಎಂದಳು. "ಬೆಳಗ್ಗಿಂದ ಕಾಲು ಉರೀತಾವೆ."

ತಂಬಿಗೆ ಅವರ ಕೈಯಲ್ಲೇ ನಿಂತಿತು.