ಸೀಟಿ ಮೇಷ್ಟ್ರ ಕೆಂಪು ಮರ

ರಜೆಗೆ ಮುಂಚಿನ ಕೊನೆಯ ಪೀರಿಯಡ್ಡಿನಲ್ಲಿ ಏಳನೇ ಕ್ಲಾಸಿನ ಮಕ್ಕಳನ್ನು ಸುಮ್ಮನೆ ಕೂರಿಸುವುದು ಹುಡುಗಾಟದ ಮಾತಲ್ಲ. ಡ್ರಾಯಿಂಗ್ ಮಿಸ್ ಜ್ವರ ಬಂದು ಮಲಗಿದ್ದರು. ಉಳಿದವರೆಲ್ಲ ಉತ್ತರಪತ್ರಿಕೆಗಳಲ್ಲಿ ಮುಳುಗಿ ಹೋಗಿದ್ದರು. ಕೈ ಬೀಸಿಕೊಂಡು ಓಡಾಡುತ್ತಿದ್ದು ಹೆಡ್‌ಮಿಸ್ ಕಣ್ಣಿಗೆ ಬಿದ್ದವರು ಆಟದ ಮೇಷ್ಟ್ರೊಬ್ಬರೇ. ಮಕ್ಕಳ ಬಾಯಲ್ಲಿ ಅವರು ಸೀಟಿ ಮೇಷ್ಟ್ರು. ಕೊರಳಲ್ಲಿ ಸೀಟಿ ಇಲ್ಲದೆ ಅವರನ್ನು ಕಂಡವರೇ ಇರಲಿಲ್ಲ.

“ಇವತ್ತು ಮಾತ್ರ ಅದನ್ನ ಊದಬೇಡಿ ಮೇಷ್ಟ್ರೇ,” ಎಂದು ಹೆಡ್‌ಮಿಸ್ ನಲವತ್ತು ಹಾಳೆಗಳನ್ನೂ ಬಿಸ್ಕತ್ ಡಬ್ಬಿ ತುಂಬ ಬಣ್ಣದ ಪೆನ್ಸಿಲ್ಲುಗಳನ್ನೂ ಅವರ ಕೈಗೆ ತುರುಕಿದರು. “ಕೂತು ಬಣ್ಣ ತುಂಬಲಿ. ಮನಸ್ಸು ತಣ್ಣಗಾಗುತ್ತಂತೆ.”

ಮೇಷ್ಟ್ರು ಡಬ್ಬಿಯ ಮುಚ್ಚಳ ತೆಗೆದು ನೋಡಿ ತಟ್ಟನೆ ಮುಚ್ಚಿದರು. ಕೆಂಪು ಯಾವುದು, ಹಸಿರು ಯಾವುದು ಎನ್ನುವುದು ಹುಟ್ಟಿದಾಗಿನಿಂದ ಅವರ ಕಣ್ಣಿಗೆ ಗೊತ್ತಾಗದ ಸಂಗತಿ. ಇದು ತಿಳಿದಿದ್ದದ್ದು ಹೆಂಡತಿಯೊಬ್ಬಳಿಗೆ. ಅವರ ಅಂಗಿ ಆರಿಸುವುದೂ ಅವಳೇ. ಬಣ್ಣ ಕಾಣದವನನ್ನು ಆಟದ ಮೈದಾನದಲ್ಲಿ ಯಾರು ತಾನೇ ಇಟ್ಟುಕೊಳ್ಳುತ್ತಾರೆ ಎಂದು ಇಪ್ಪತ್ತು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದರು.

ಆ ಬೀಗ ಮೂರು ವಾರದಿಂದ ಅವರನ್ನೇ ಚುಚ್ಚುತ್ತಿತ್ತು. ಕ್ರೀಡಾದಿನದ ರಿಲೇ ಓಟದಲ್ಲಿ ಇಬ್ಬರು ಹುಡುಗಿಯರು ಒಟ್ಟೊಟ್ಟಿಗೆ ಗೆರೆ ಮುಟ್ಟಿದ್ದರು. ಮೇಷ್ಟ್ರದು ಒಂದು ನಿಯಮವಿತ್ತು: ಗೆರೆಯ ಹತ್ತಿರ ಮುಖ ನೋಡಬಾರದು, ಎದೆಗೆ ಕಟ್ಟಿದ ಪಟ್ಟಿ ನೋಡಬೇಕು. ಮುಖ ನೋಡಿದರೆ ನಮ್ಮವರು ತಮ್ಮವರು ಅನ್ನುವ ಆಸೆ ಹುಟ್ಟುತ್ತದೆ. ಹಳೆಯ ಪಟ್ಟಿಗಳ ಮೇಲೆ ತಂಡದ ಹೆಸರಿರುತ್ತಿತ್ತು; ಈ ವರ್ಷದ ಹೊಸ ಪಟ್ಟಿಗಳಲ್ಲಿ ಬರೀ ಬಣ್ಣ. ಎರಡೂ ಅವರಿಗೆ ಒಂದೇ ಥರ ಕಂಡವು. “ಕೆಂಪು ತಂಡ!” ಎಂದು ಕೂಗಿಬಿಟ್ಟರು. ಹಸಿರು ತಂಡದ ಕೊನೆಯ ಓಟಗಾರ್ತಿ, ಎಲ್ಲರೂ ಚಿಗರೆ ಎಂದು ಕರೆಯುವ ಉದ್ದಕಾಲಿನ ಹುಡುಗಿ, “ಸರ್, ನಾನು ಮುಂದಿದ್ದೆ,” ಎಂದಳು.

“ಓಡೋದು ನಿನ್ನ ಕೆಲಸ, ನೋಡೋದು ನನ್ನ ಕೆಲಸ,” ಎಂದು ಗದರಿಸಿದ್ದರು.

ಆ ರಾತ್ರಿ ಓಟದ ಫೋಟೋ ನೋಡಿದ ಹೆಂಡತಿ, “ಹಸಿರು ಹುಡುಗೀನೇ ಅಲ್ವೇನ್ರಿ ಗೆದ್ದಿರೋದು?” ಎಂದಳು. ಮರುದಿನದಿಂದ ಚಿಗರೆ ಮೈದಾನದ ಕಡೆ ತಲೆ ಹಾಕಲಿಲ್ಲ. ಬೇರೆ ಶಾಲೆಗಳ ಜೊತೆಗಿನ ಓಟಕ್ಕೆ ಹೆಸರು ಕಳಿಸಲು ಇವತ್ತೇ ಕೊನೆ. ಮೇಷ್ಟ್ರ ಜೇಬಿನಲ್ಲಿದ್ದ ಲಿಸ್ಟಿನಲ್ಲಿ ಒಂದು ಜಾಗ ಇನ್ನೂ ಖಾಲಿಯಿತ್ತು.

“ಸರ್, ನಾವೇನು ಅಂಗನವಾಡಿ ಮಕ್ಕಳಾ?” ಹಾಳೆ ಕಂಡೊಡನೆ ಮೊದಲ ಬೆಂಚಿನಿಂದ ರೇಡಿಯೋ ಶುರುವಾಯಿತು. ನಿದ್ದೆಯಲ್ಲೂ ಮಾತಾಡುತ್ತಾಳೆಂದು ಆ ಹೆಸರು ಪಡೆದ ಈ ಹುಡುಗಿ ಕೆಂಪು ತಂಡದ ನಾಯಕಿ.

“ನಾನೂ ತುಂಬ್ತೀನಿ, ಕೂತ್ಕೊಳಮ್ಮ,” ಎಂದರು ಮೇಷ್ಟ್ರು. ಹಾಗೆ ಹೇಳುವ ಮುಂಚೆ ಒಂದು ಗಳಿಗೆ ಯೋಚಿಸಿದ್ದರೆ ಒಳ್ಳೆಯದಿತ್ತು.

ಹಾಳೆಯಲ್ಲಿ ರಜೆಯ ಚಿತ್ರ: ಕೊಳ, ಮರ, ಮರದ ಕೆಳಗೆ ಟೋಪಿ ಮುಖಕ್ಕಿಟ್ಟು ಮಲಗಿದ ಒಬ್ಬ ಪುಣ್ಯವಂತ. ಹತ್ತು ನಿಮಿಷ “ಮೆಂಡರ್ ಕೊಡೇ”, “ನನ್ನ ನೀಲಿ ಯಾರು ಎಗರಿಸಿದ್ದು?” ಎಂಬ ಗಲಾಟೆ. ಆಮೇಲೆ ಏನು ಮಾಯವೋ, ಕ್ಲಾಸು ತಣ್ಣಗಾಯಿತು. ಪೆನ್ಸಿಲ್ಲುಗಳ ಸರಸರ ಸದ್ದೊಂದೇ ಉಳಿಯಿತು. ಮೇಷ್ಟ್ರಿಗೂ ಹಾಯೆನಿಸಿತು. ಪೆನ್ಸಿಲ್ಲಿನ ಮೇಲೆ ಬಣ್ಣದ ಹೆಸರು ಓದಿಕೊಂಡು ಕೊಳಕ್ಕೆ ನೀಲಿ ತುಂಬಿದರು, ಸೂರ್ಯನಿಗೆ ಹಳದಿ. ಮರಕ್ಕೆ ಸಿಕ್ಕಿದ್ದು ಹೆಬ್ಬೆರಳುದ್ದದ ಮೋಟು. ಹೆಸರೆಲ್ಲ ಮೆಂಡರಿನ ಪಾಲಾಗಿತ್ತು. ಖುಷಿಯಲ್ಲಿ ಅದನ್ನು ಗಮನಿಸದೆ ಎಲೆ ಎಲೆಗೂ ತುಂಬುತ್ತಾ ಹೋದರು.

“ಅಯ್ಯೋ, ಸರ್ ಮರ ನೋಡ್ರೇ! ಪೂರ್ತಿ ಕೆಂಪು!” ರೇಡಿಯೋ ಬಿತ್ತರಿಸಿತು. ಕ್ಲಾಸು ಬಿದ್ದು ಬಿದ್ದು ನಕ್ಕಿತು.

“ಸಂಜೆ ಹೊತ್ತಿನ ಮರ ಇರ್ಬೇಕು ಕಣೇ,” ಎಂದು ಹಿಂದಿನಿಂದ ಯಾರೋ ಅಂದರು.

ಜಾರಿಕೊಳ್ಳಲು ದಾರಿ ತಾನಾಗಿ ಸಿಕ್ಕಿತ್ತು. ಹೌದು ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಕಿಟಕಿಯ ಪಕ್ಕ ಕೂತಿದ್ದ ಚಿಗರೆ ನಗಲಿಲ್ಲ. ಮರ ನೋಡಿದಳು, ಮೇಷ್ಟ್ರ ಮುಖ ನೋಡಿದಳು, ಮತ್ತೆ ಮರ ನೋಡಿದಳು. ಅವಳಿಗೆ ಎಲ್ಲ ತಿಳಿದುಹೋಯಿತು ಎಂದು ಮೇಷ್ಟ್ರಿಗೂ ತಿಳಿಯಿತು. ಅವಳು ತುಟಿ ಪಿಟಕ್ಕೆನ್ನದೆ ತಲೆ ಬಗ್ಗಿಸಿ ಬಣ್ಣ ತುಂಬತೊಡಗಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದರೇನೋ. ಹನ್ನೆರಡು ವರ್ಷದ ಹುಡುಗಿ ತಮ್ಮ ಮಾನ ಕಾಯುತ್ತಿದ್ದಾಳೆ ಅನ್ನಿಸಿ ನಾಚಿಕೆಯಾಯಿತು. ಎದ್ದು ನಿಂತರು.

“ಸಂಜೆ ಮರವೂ ಅಲ್ಲ, ಮಣ್ಣೂ ಅಲ್ಲ. ನನಗೆ ಕೆಂಪು, ಹಸಿರು ಬೇರೆ ಬೇರೆ ಕಾಣಲ್ಲ ಕಣ್ರಮ್ಮ. ಆವತ್ತು ರಿಲೇ ಗೆದ್ದಿದ್ದು ಹಸಿರು ತಂಡ. ಆವತ್ತು ರಾತ್ರಿನೇ ಗೊತ್ತಾಯ್ತು. ಹೇಳೋಕೆ ಹೆದರ್ಕೊಂಡೆ.” ಚಿಗರೆಯ ಕಡೆ ತಿರುಗಿದರು. “ತಪ್ಪಾಯ್ತು ಮಗಳೇ. ಈಗಲೇ ಹೋಗಿ ಹೆಡ್‌ಮಿಸ್‌ಗೂ ಹೇಳ್ತೀನಿ.”

ಮೊದಲು ಬಾಯಿ ಬಿಟ್ಟದ್ದು ರೇಡಿಯೋನೇ.

“ಮೂರು ವಾರದಿಂದ ಆ ಕಪ್ ಒರೆಸ್ತಾ ಇರೋದು ನಾನು ಸರ್!” ಎಂದು ಅಳುಮೋರೆ ಮಾಡಿದಳು. ಆಮೇಲೆ ಚಿಗರೆಯ ಕಡೆ ನೋಡಿ, “ತಗೊಂಡು ಹೋಗೇ. ಫಳಫಳ ಅಂತಿದೆ,” ಎಂದಳು.

ಗಂಟೆ ಹೊಡೆಯಿತು. ಮಕ್ಕಳು ಬ್ಯಾಗು ಹೊತ್ತು ಪರಾರಿಯಾದರು. ಚಿಗರೆ ಮಾತ್ರ ಡಬ್ಬಿಯಲ್ಲಿ ಏನೋ ಹುಡುಕಿ, ಕೈವಾರದ ಮುಳ್ಳಿನಿಂದ ಕೆರೆಯುತ್ತಾ ಕೂತಿದ್ದಳು. ಕೊನೆಗೆ ಬಂದು ಎರಡು ಮೋಟು ಪೆನ್ಸಿಲ್ಲುಗಳನ್ನು ಮೇಷ್ಟ್ರ ಅಂಗೈಯಲ್ಲಿಟ್ಟಳು.

“ಒಂದು ಗೀರು ಕೆಂಪು, ಎರಡು ಗೀರು ಹಸಿರು. ಮುಟ್ಟಿ ನೋಡಿದ್ರೆ ಗೊತ್ತಾಗುತ್ತೆ.”

ಮೇಷ್ಟ್ರು ಬೆರಳಾಡಿಸಿ ನೋಡಿದರು. ಕಣ್ಣು ಮಂಜಾಯಿತು. ಜೇಬಿನಿಂದ ಲಿಸ್ಟು ತೆಗೆದು, ಎರಡು ಗೀರಿನ ಪೆನ್ಸಿಲ್ಲನ್ನೇ ಹಿಡಿದು ಅವಳ ಮುಖ ನೋಡಿದರು.

“ಬರೀರಿ ಸರ್,” ಎಂದಳು ಚಿಗರೆ. “ಆದ್ರೆ ಎದೆಗೆ ಕಟ್ಟೋ ಪಟ್ಟಿಗೂ ಗೀರು ಹಾಕೋಕಾಗಲ್ವಲ್ಲ? ಓಡ್ತಾ ಇರೋವಾಗ ಹೇಗೆ ಮುಟ್ಟಿ ನೋಡ್ತೀರಿ?”

“ಇನ್ಮೇಲೆ ಮುಖಾನೇ ನೋಡ್ತೀನಿ,” ಎಂದು ಮೇಷ್ಟ್ರು ಖಾಲಿ ಜಾಗದಲ್ಲಿ ಅವಳ ಹೆಸರು ಬರೆದರು.