ಹೇಳಿಕೊಟ್ಟ ಉತ್ತರ

"ಶಿವ. ಅಷ್ಟ ಅಂದು ಸುಮ್ನಾಗು," ಎಂದು ತ್ರಿವೇಣಿಯ ಅವ್ವ ಸೀರೆಯ ನೆರಿಗೆಗೆ ಪಿನ್ನು ಚುಚ್ಚುತ್ತ ಮತ್ತೊಮ್ಮೆ ಹೇಳಿದಳು. "ಮುಂದ ಒಂದಕ್ಷರ ಮಾತಾಡಬ್ಯಾಡ."

ಪ್ರಶ್ನೆ ಮೊದಲೇ ಸೋರಿತ್ತು. ಸಂಬಂಧ ತಂದ ಭರಮಣ್ಣನೇ ಬಂದು ಹೇಳಿಹೋಗಿದ್ದ. ಗಂಡಿನ ಅಪ್ಪ, ಕುರೆಕುಪ್ಪದ ವಿರುಪಾಕ್ಷಪ್ಪನವರು ತಮ್ಮ ಹೊಲದಲ್ಲಿ ಅದಿರು ದಾಸ್ತಾನು ಮಾಡುವ ಯಾರ್ಡು ತೆಗೆದ ಮೇಲೆ ದುಡ್ಡು ಬಂತು. ದುಡ್ಡಿನ ಹಿಂದೆ ಪುರುಸೊತ್ತು ಬಂತು, ಪುರುಸೊತ್ತಿನ ಹಿಂದೆ ವೇದಾಂತ. ಈ ಜಗತ್ತು ಮಾಡಿದವರು ಯಾರು ಎಂದು ಹಿರಿಸೊಸೆಯನ್ನೂ ಕೇಳಿಯೇ ಮನೆತುಂಬಿಸಿಕೊಂಡಿದ್ದರಂತೆ.

ಆ ಉತ್ತರ ಹೇಳಲು ತ್ರಿವೇಣಿಗೆ ಅಡ್ಡಿಯೇನೂ ಇರಲಿಲ್ಲ. ತೋರಣಗಲ್ಲಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳಾದರೂ ದೇವರ ಜಗಲಿಗೆ ಕೈಮುಗಿಯದೆ ಮನೆಬಿಡುವವಳಲ್ಲ. ಅದಕ್ಕಿಂತ ಹೆಚ್ಚಾಗಿ, ಅವಳಿಗೆ ಸಿದ್ದಲಿಂಗೇಶ ಬೇಕಾಗಿದ್ದ. ಹೊಸಪೇಟೆಯಲ್ಲಿ ರೂಮು ಹಿಡಿದು, ಅವಳು ಶಾಲೆಗೆ ಹೋಗುವ ಬಸ್ಸಿನಲ್ಲೇ ಉಕ್ಕಿನ ಕಾರ್ಖಾನೆಗೆ ಹೋಗುತ್ತಿದ್ದ ಇಂಜಿನಿಯರು. ವರ್ಷವಿಡೀ ಅವಳಿಗೆ ಕಿಟಕಿ ಪಕ್ಕದ ಸೀಟು ಹಿಡಿದುಕೊಟ್ಟು, ಕೊನೆಗೆ ಅವಳೇ ಬೇಕೆಂದು ತನ್ನ ಮನೆಯಲ್ಲಿ ಬಾಯಿಬಿಟ್ಟಿದ್ದ. ಅವನಿಗಾಗಿ ಒಂದು ಮಾತೇನು, ಹತ್ತು ಮಾತು ಅಂದಾಳು.

ಹೆಣ್ಣು ನೋಡಲು ಬಂದವರು ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದು ಕೈತೊಳೆದರು. ವಿರುಪಾಕ್ಷಪ್ಪನವರು ಜಾತಕ ಕೂಡಿಸಬೇಕೆಂದು ಹುಡುಗಿ ಹುಟ್ಟಿದ ದಿನ, ಹೊತ್ತು ಕೇಳಿದರು. ಅಪ್ಪ ಕೊಟ್ರಯ್ಯ ಶಾಲೆಯ ದಾಖಲೆಯಂತೆ ಜೂನ್ ಒಂದು ಎಂದ. ಅದಕ್ಕವರು ನಕ್ಕುಬಿಟ್ಟರು. ನಗು ಬರುವಂಥದ್ದೇ. ಶಾಲೆಗೆ ಹೆಸರು ಹಚ್ಚುವ ಮೇಷ್ಟ್ರುಗಳ ದಯೆಯಿಂದ ಅರ್ಧ ಸೀಮೆ ಜೂನ್ ಒಂದಕ್ಕೇ ಹುಟ್ಟಿದೆ.

ಆಸ್ಪತ್ರೆಯ ಚೀಟಿ ಇದೆಯೇ ಎಂದರು. ಎಮ್ಮಿಗನೂರಿನ ಅಜ್ಜಿಯ ಮನೆಯಲ್ಲಿ ಹುಟ್ಟಿದವಳಿಗೆ ಎಲ್ಲಿಯ ಚೀಟಿ? ಆಗ ಅಜ್ಜಿ ಪಂಪಮ್ಮ ಒಳಗಿನಿಂದ ಬಂದಳು. ಸೂಲಗಿತ್ತಿಯಾಗಿ ಆ ಊರಿನ ಎಷ್ಟೋ ಕೂಸುಗಳನ್ನು ಕೈಯಲ್ಲಿ ಹಿಡಿದವಳು, ಈ ಮೊಮ್ಮಗಳನ್ನೂ ಹಿಡಿದವಳು ಅವಳೇ. ಕಾರಹುಣ್ಣಿಮೆಯ ಮರುದಿನ, ಹೊತ್ತು ಮೂಡುವ ಮುಂಚೆ ಎಂದು ಖಚಿತವಾಗಿ ಹೇಳಿದಳು.

ವಿರುಪಾಕ್ಷಪ್ಪನವರು ಅವಳ ಕಡೆ ನೋಡಲೂ ಇಲ್ಲ. "ವಯಸ್ಸಾದವರ ಮಾತಿಗೆ ಏನ್ ಆಧಾರ ಐತ್ರಿ ಕೊಟ್ರಯ್ಯನೋರ? ಲ್ಯಾಬ್ ರಿಪೋರ್ಟ್ ಇಲ್ದ ನಮ್ಮ ಯಾರ್ಡಿನಾಗ ಒಂದ್ ಲಾರಿ ಮಣ್ಣೂ ಇಳಸಂಗಿಲ್ಲ."

ಕೊಟ್ರಯ್ಯ ಪೆಚ್ಚುನಗೆ ನಕ್ಕ. ಪಂಪಮ್ಮ ಸೆರಗಿಗೆ ಕೈ ಒರೆಸಿಕೊಂಡು, ತಾನೇ ಏನೋ ತಪ್ಪು ಮಾಡಿದವಳಂತೆ ಬಾಗಿಲ ಪಕ್ಕ ಕುಳಿತಳು. ತ್ರಿವೇಣಿಗೆ ಮೈಯೆಲ್ಲ ಉರಿಯಿತು.

"ಇರ್ಲಿ, ಅದನ್ನ ಆಮ್ಯಾಲೆ ನೋಡೋಣು. ಏನವಾ, ಈ ಜಗತ್ತು ಮಾಡಿದಾರು ಯಾರು?" ಎಂದು ಅವರು ಅವಳತ್ತ ತಿರುಗಿದರು.

ಅಡುಗೆಮನೆಯ ಬಾಗಿಲಲ್ಲಿ ಅವ್ವನ ತುಟಿ ಆಗಲೇ ಶಿವ ಶಿವ ಎನ್ನುತ್ತಿತ್ತು. ತ್ರಿವೇಣಿಯ ನಾಲಿಗೆಯ ತುದಿಗೂ ಅದೇ ಬಂದಿತ್ತು. ಅವಳು ಅಜ್ಜಿಯನ್ನು ನೋಡಿದಳು.

"ಗೊತ್ತಿಲ್ರಿ."

ಕೇಳಿಸಲಿಲ್ಲವೇನೋ ಎಂದು ಅವರು ಇನ್ನೊಮ್ಮೆ ಕೇಳಿದರು.

"ಗೊತ್ತಿಲ್ರಿ," ಎಂದಳು. "ನಾ ಹುಟ್ಟಿದ್ದನ್ನ ಕಣ್ಣಾರೆ ಕಂಡಾಕಿ ಇಲ್ಲೇ ಕುಂತಾಳ. ಆಕಿ ಮಾತಿಗೆ ಆಧಾರ ಇಲ್ಲ ಅಂದ್ರಿ. ಜಗತ್ತು ಹುಟ್ಟಿದ್ದನ್ನ ಯಾರು ಕಂಡಾರ್ರಿ?"

ವಿರುಪಾಕ್ಷಪ್ಪನವರು ಸಿಟ್ಟಾಗಲಿಲ್ಲ. ಲೆಕ್ಕ ಬೇರೆ, ನಂಬಿಕೆ ಬೇರೆ, ದೊಡ್ಡ ವಿಷಯಕ್ಕೆ ಪುರಾವೆ ಕೇಳಬಾರದು ಎಂದು ಮಗುವಿಗೆ ಹೇಳುವಂತೆ ಬಿಡಿಸಿ ಹೇಳಿದರು. ತ್ರಿವೇಣಿಯೂ ದನಿ ಏರಿಸಲಿಲ್ಲ. ನಂಬುವುದೇ ಆದರೆ ಅಜ್ಜಿಯನ್ನು ಮೊದಲು ನಂಬಿ, ಪುರಾವೆ ಬೇಕೆಂದರೆ ಎರಡಕ್ಕೂ ತನ್ನಿ, ನನಗೊಂದು ನ್ಯಾಯ ಜಗತ್ತಿಗೊಂದು ನ್ಯಾಯ ಆಗಬಾರದು ಎಂದಳು. ದೊಡ್ಡ ವಿಷಯವಾದರೆ ಇನ್ನೂ ಹೆಚ್ಚು ಕೇಳಬೇಕಲ್ಲವೇ ಎಂದೂ ಸೇರಿಸಿದಳು.

ಅಷ್ಟು ಹೊತ್ತು ತಲೆತಗ್ಗಿಸಿದ್ದ ಸಿದ್ದಲಿಂಗೇಶ ಆಗ ಬಾಯಿಬಿಟ್ಟ. "ತ್ರಿವೇಣಿ, ಅಂದ್ಬಿಡ್ರಿ. ಒಂದ್ ಮಾತು."

ಬಸ್ಸಿನಲ್ಲಿ ಬರ್ರಿ, ಕುಂದ್ರಿ ಎನ್ನುತ್ತಿದ್ದ ಅದೇ ಮೆತ್ತನೆಯ ದನಿ. ಅವಳಿಗೆ ಅಳು ಒತ್ತರಿಸಿ ಬಂತು. ಆದರೂ ತಲೆ ಅಡ್ಡಡ್ಡ ಆಡಿಸಿದಳು.

ನೀವಾದರೂ ಮೊಮ್ಮಗಳಿಗೆ ಬುದ್ಧಿ ಹೇಳಿ ಎಂದು ವಿರುಪಾಕ್ಷಪ್ಪನವರು ಈಗ ಪಂಪಮ್ಮನ ಕಡೆ ತಿರುಗಿದರು. ಹಣೆಗೆ ವಿಭೂತಿ ಹಚ್ಚದೆ ಗುಟುಕು ನೀರು ಕುಡಿಯದ ಮುದುಕಿ ಕುಳಿತಲ್ಲಿಂದ ಏಳದೆ ಹೇಳಿದಳು.

"ಶಿವನೇ ಮಾಡ್ಯಾನ. ಅದರಾಗ ನನಗ ಅನುಮಾನಿಲ್ಲ. ಆಕಿಗೆ ಗೊತ್ತಿಲ್ಲ ಅಂದ್ರ ಗೊತ್ತಿಲ್ಲ. ಗೊತ್ತೈತಿ ಅನ್ನು ಅಂತ ನಾ ಹೇಳಂಗಿಲ್ಲ."

ಬಂದವರು ಎದ್ದರು. ಯಾರೂ ಬೈದಾಡಲಿಲ್ಲ, ಹೋಗಿಬರುತ್ತೇವೆ ಎಂದು ಮಾತ್ರ ಯಾರೂ ಅನ್ನಲಿಲ್ಲ. ಆದರೆ ಹೋಗುವುದಾದರೂ ಎಲ್ಲಿಗೆ? ಮನೆಯ ಮುಂದಿನ ಸಂಡೂರು ರಸ್ತೆಯಲ್ಲಿ ಅದಿರಿನ ಲಾರಿಗಳು ಬಾಲಕ್ಕೆ ಮೂತಿ ಹಚ್ಚಿಕೊಂಡು ನಿಂತಿದ್ದವು. ಅವರ ಹೊಸ ಕಾರು ಬಾಗಿಲೆದುರೇ ಸಿಕ್ಕಿಕೊಂಡಿತು. ಗಾಜು ಏರಿಸಿಕೊಂಡು ಒಳಗೆ ಕುಳಿತರು.

ಮನೆಯೊಳಗೆ ಅವ್ವ ಹಣೆ ಬಡಿದುಕೊಂಡು ಅಳುತ್ತಿದ್ದಳು. ಬಂಗಾರದಂಥ ಸಂಬಂಧವನ್ನು ಮಗಳು ಕೈಯಾರೆ ಹಾಳುಮಾಡಿಕೊಂಡಳು ಎನ್ನುತ್ತಿದ್ದಳು. ಅದು ನಿಜವೆಂದು ತ್ರಿವೇಣಿಗೂ ಅನ್ನಿಸುತ್ತಿತ್ತು. ಸ್ವಲ್ಪ ಹೊತ್ತಿಗೆ ಅವರ ಕಾರಿನ ಡ್ರೈವರ್ ಬಂದು ಕುಡಿಯಲು ನೀರು ಕೇಳಿದ. ಯಾರೂ ಏಳಲಿಲ್ಲ. ತ್ರಿವೇಣಿ ತಂಬಿಗೆ ತುಂಬಿಕೊಂಡು, ಲೋಟ ಹಿಡಿದು, ಉಟ್ಟ ರೇಷ್ಮೆ ಸೀರೆಯಲ್ಲೇ ತಾನೇ ಹೊರಗೆ ಬಂದಳು.

ವಿರುಪಾಕ್ಷಪ್ಪನವರು ಆ ಕಡೆ ಮುಖ ತಿರುಗಿಸಿದರು. ಸಿದ್ದಲಿಂಗೇಶ ಗಾಜು ಇಳಿಸಿದ.

"ಅಂದಿದ್ರ ಏನ್ ಹೋಗ್ತಿತ್ತು?" ಎಂದು ಮೆಲ್ಲಗೆ ಕೇಳಿದ.

"ಇವತ್ತು ಗೊತ್ತಿಲ್ದಿದ್ರೂ ಗೊತ್ತೈತಿ ಅಂದಿದ್ರ, ನಾಳೆ ನಾ ಏನಂದ್ರೂ ಖರೇನೋ ಸುಳ್ಳೋ ನಿಮಗ ಹೆಂಗ ತಿಳಿತಿತ್ತು?"

ಅವಳು ಲೋಟಕ್ಕೆ ನೀರು ಬಗ್ಗಿಸಿ ಅವನ ಕೈಗೆ ಕೊಟ್ಟಳು. ಮುಂದಿನ ಲಾರಿ ಒಮ್ಮೆ ಗುರುಗುಟ್ಟಿ ಕೆಂಪು ದೂಳೆಬ್ಬಿಸಿತು. ತ್ರಿವೇಣಿ ತಂಬಿಗೆಯನ್ನು ಸೊಂಟಕ್ಕೊತ್ತಿ ಒಂದು ಅಂಗೈಯಿಂದ ಅದರ ಬಾಯಿ ಮುಚ್ಚಿದಳು. ಲೋಟ ವಾಪಸ್ಸು ಬರಲೆಂದು ಇನ್ನೊಂದು ಕೈ ಚಾಚಿಕೊಂಡು, ಅವನು ಕುಡಿಯುವವರೆಗೂ ಬಿಸಿಲಿನಲ್ಲೇ ನಿಂತಳು.