ಡಬ್ಬಿಯ ಮೇಲಿನ ಬಗ್ಗಿ

ಮೂವತ್ತೊಂದು ವರ್ಷ ಬಸ್ಸು ಓಡಿಸಿದವನಿಗೆ ಮೊಳದುದ್ದದ ಆಟದ ಕಾರು ಯಾವ ಲೆಕ್ಕ ಅಂದುಕೊಂಡೇ ಡ್ರೈವರಣ್ಣ ಮಗಳ ಜೊತೆ ಆಟಿಕೆ ಅಂಗಡಿಗೆ ನುಗ್ಗಿದ್ದ. ಭಾನುವಾರ ಬಂತೆಂದರೆ ಡಿಪೋದ ಹಿಂದಿನ ಖಾಲಿ ಜಾಗದಲ್ಲಿ ಬಗ್ಗಿ ಅನ್ನೋ ರಿಮೋಟ್ ಕಾರುಗಳ ರೇಸು. ಗ್ಯಾರೇಜಿನ ಮೆಕ್ಯಾನಿಕ್ಕಂತೂ ಗೆದ್ದಾಗಲೆಲ್ಲ ಬೇಕೆಂದೇ ಇವನ ಮುಂದೆ ಬಂದು ಮೀಸೆ ತಿರುವುತ್ತಿದ್ದ. ಅದನ್ನು ನೋಡಲಾರದೆ ಮಗಳೇ ಇವನನ್ನು ಎಳೆದು ತಂದಿದ್ದಳು. ಅದೇ ಡಿಪೋದಲ್ಲಿ ಯಾರಿಗೆ ಯಾವ ರೂಟು ಅಂತ ಡ್ಯೂಟಿ ಹಾಕುವವಳು ಅವಳು.

"ಸುಮ್ನೆ ಮೋಜಿಗೋ, ರೇಸಿಗೋ?" ಅಂಗಡಿಯವನು ಕೇಳಿದ. "ಮೋಜಿಗಾದ್ರೆ ಇದು, ಗೋಡೆಗೆ ಗುದ್ದಿದ್ರೂ ಏನೂ ಆಗಲ್ಲ. ರೇಸಿಗಾದ್ರೆ ಅದು. ಕೈ ಹೇಳಿದ್ದನ್ನ ಕೂದಲೆಳೆಯಷ್ಟೂ ತಪ್ಪದೆ ಕೇಳುತ್ತೆ."

"ರೇಸಿಗೇ ಕೊಡಪ್ಪಾ. ನಾನೇನು ಎಳೇ ಮಗುನಾ?"

ಅಂಗಡಿಯವನು ರೇಸಿನ ಬಗ್ಗಿಯನ್ನು ಡಬ್ಬಿಯೊಂದರ ಮೇಲೆ, ಚಕ್ರಗಳು ಗಾಳಿಯಲ್ಲಿರುವ ಹಾಗೆ ಕೂರಿಸಿ ರಿಮೋಟನ್ನು ಇವನ ಕೈಗಿತ್ತ. ಅದರ ಪಕ್ಕಕ್ಕೆ ಬಿಸ್ಕತ್ತಿನಷ್ಟಗಲದ ಸ್ಟೇರಿಂಗು. ಇವನು ಎರಡು ಬೆರಳಲ್ಲಿ ಹಿಡಿದ, ಅಷ್ಟೇ. ಮುಂದಿನ ಚಕ್ರಗಳು ಎಡಕ್ಕೂ ಬಲಕ್ಕೂ ಪಟಪಟ ಅಲುಗತೊಡಗಿದವು.

"ಅರೆ, ಇದಕ್ಕೇನಾಯ್ತು?" ಅಂಗಡಿಯವನು ರಿಮೋಟು ಈಸಿಕೊಂಡ. ಚಕ್ರಗಳು ತೆಪ್ಪಗೆ ನಿಂತವು. ತಿರುಗಿ ಕೊಟ್ಟ. ಮತ್ತೆ ಪಟಪಟ. ಪಾಪ, ಅವನಿಗೆ ಅರ್ಥವಾಯಿತೇನೋ, ಒರೆಸಿದ್ದ ಗಾಜನ್ನೇ ಮತ್ತೆ ಒರೆಸುತ್ತಾ ನಿಂತ.

ಆರು ತಿಂಗಳ ಗುಟ್ಟು ಅದು. ಬಸ್ಸಿನ ದೊಡ್ಡ ಸ್ಟೇರಿಂಗು ಆ ಕೈನಡುಕವನ್ನೆಲ್ಲ ಹೊಟ್ಟೆಗೆ ಹಾಕಿಕೊಂಡಿತ್ತು. ಎರಡೂ ಕೈ ಊರಿ ಹಿಡಿದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಮನೆಯಲ್ಲಿ ಸಕ್ಕರೆ ಕಮ್ಮಿ ಮಾಡ್ತೀನಿ ಅಂತ ಸುಳ್ಳು ಹೇಳಿ, ತುಳುಕದಿರಲೆಂದು ಅರ್ಧ ಲೋಟ ಟೀ ಸಾಕೆನ್ನುತ್ತಿದ್ದ. ಈ ಹಾಳು ಆಟಿಕೆಗೆ ಮುಚ್ಚಿಡುವುದೇ ಗೊತ್ತಿಲ್ಲ. ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿದ. ನಡುಕ ಇನ್ನೂ ಜೋರಾಯಿತು.

"ಏಸಿ ಕಣಮ್ಮ. ಚಳಿ" ಅಂದ.

ಮಗಳು ಚಕ್ರಗಳನ್ನೇ ನೋಡುತ್ತಿದ್ದಳು. "ಅಪ್ಪಾ, ನಾಳೆ ಸ್ಕೂಲ್ ಟ್ರಿಪ್ ನಿನಗೇ ಹಾಕಿದೀನಿ. ಐವತ್ತೆರಡು ಮಕ್ಕಳು."

"ನಾಳೆ ಒಂದಿನ ಓಡಿಸೋಕೆ ಬಿಡು. ನಾಡಿದ್ದು ಡಾಕ್ಟರ ಹತ್ರ ನಾನೇ ಹೋಗ್ತೀನಿ. ನಿನ್ ದಮ್ಮಯ್ಯ." ಹೆತ್ತ ಮಗಳಿಗೆ ಹೀಗೆ ಅಂಗಲಾಚುವ ಕಾಲ ಬರುತ್ತದೆಂದು ಅವನು ಕನಸಲ್ಲೂ ಎಣಿಸಿರಲಿಲ್ಲ.

ಮಗಳ ಕಣ್ಣು ತುಂಬಿತ್ತು. ಆದರೂ ಡಿಪೋಗೆ ಫೋನು ಮಾಡಿದಳು. "ಸ್ಕೂಲ್ ಟ್ರಿಪ್ಪಿಗೆ ಬೇರೆಯವರನ್ನ ಹಾಕಿ. ನಮ್ಮಪ್ಪ ಬರಲ್ಲ."

ಆ ಕಡೆಯ ದನಿ ಅಂಗಡಿಗೆಲ್ಲ ಕೇಳಿಸಿತು: "ನಾಳೆ ಒಂದಿನಕ್ಕಾ ಮೇಡಂ?"

ಅವಳು ಅಪ್ಪನ ಮುಖ ನೋಡಲಿಲ್ಲ.

"ಅಲ್ಲ" ಅಂದಳು.

ರಿಮೋಟು ಎಲ್ಲಿಡಬೇಕೆಂದು ತಿಳಿಯದೆ ಅವನು ಹಾಗೇ ಹಿಡಿದು ನಿಂತಿದ್ದ. ಡಬ್ಬಿಯ ಮೇಲೆ ಚಕ್ರಗಳು ಅಲುಗುತ್ತಲೇ ಇದ್ದವು.